ಹನ್ನೊಂದನೆಯ ನಿಮಿಷ

ಚಾರ್ಜಿಗೆ ಹಾಕಿ ಸರಿಯಾಗಿ ಹನ್ನೊಂದು ನಿಮಿಷಕ್ಕೆ ಕಾರು ಟಕ್ ಎಂದು ಸದ್ದು ಮಾಡಿ, ಹಸಿರು ದೀಪ ಆರಿಸಿಕೊಂಡು ಸುಮ್ಮನಾಗುತ್ತಿತ್ತು. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದರೆ ಇನ್ನೊಂದು ಹನ್ನೊಂದು ನಿಮಿಷ. ಹೊಸ ಸಾಫ್ಟ್‌ವೇರ್ ತಾನಾಗಿಯೇ ಬಂದು ಕೂತ ಮಾರನೆಯ ದಿನದಿಂದ ಇದೇ ಪಾಡು. ಸ್ಟೆನೋ ಮೇಡಂ ಬೆಳಗಿನಿಂದ ಸಂಜೆಯವರೆಗೆ ಅಡುಗೆಮನೆಗೂ ಗ್ಯಾರೇಜಿಗೂ ನಡುವೆ ಓಡಾಡುತ್ತ, ಹಟಮಾರಿ ಮಗುವಿಗೆ ತುತ್ತು ತಿನ್ನಿಸುವ ಹಾಗೆ ಅದಕ್ಕೆ ವಿದ್ಯುತ್ ತುಂಬುತ್ತಿದ್ದರು.

ನಿವೃತ್ತರಾಗಿ ಮೂರು ವರ್ಷವಾದರೂ ಬೀದಿಯವರಿಗೆ ಅವರು ಸ್ಟೆನೋ ಮೇಡಮ್ಮೇ. ನ್ಯಾಯಾಲಯದಲ್ಲಿ ಮೂವತ್ತೊಂದು ವರ್ಷ ಶೀಘ್ರಲಿಪಿ ಬರೆದವರು. ವಕೀಲರು ಎಷ್ಟೇ ಗಡಿಬಿಡಿಯಲ್ಲಿ ಮಾತಾಡಲಿ, ಸಾಕ್ಷಿ ತೊದಲಲಿ, ನಡುವೆ ಕೆಮ್ಮಲಿ, ಅವರ ಪೆನ್ಸಿಲ್ ಹಿಂದೆ ಬಿದ್ದದ್ದಿಲ್ಲ. ಕಾರು ಕೊಂಡದ್ದೂ ಅವರದೇ ತೀರ್ಮಾನ. ಯಜಮಾನರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತ, ನಿಂತೇ ಆಯುಷ್ಯ ಕಳೆದವರು. ಮೊಣಕಾಲು ಸವೆದು ಬಸ್ಸಿನ ಮೆಟ್ಟಿಲು ಅವರಿಗೆ ಬೆಟ್ಟವಾಗಿತ್ತು.

ಸಹಾಯವಾಣಿಗೆ ಮೊದಲ ಸಲ ಫೋನ್ ಮಾಡಿದಾಗ ಒಬ್ಬ ಹುಡುಗಿ ನಯವಾಗಿ ಕೇಳಿದಳು: "ಕಾರನ್ನ ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ ಮೇಡಂ?"

"ಒಂದ್ಸಲ ಅಲ್ಲ, ಇಪ್ಪತ್ತು ಸಲ ಮಾಡಿದೀನಿ."

"ಇನ್ನೊಂದ್ಸಲ ಮಾಡಿ ನೋಡಿ."

ಹತ್ತು ನಿಮಿಷದಲ್ಲಿ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರು ಬಗೆಹರಿದಿದೆ, ಸಹಕಾರಕ್ಕೆ ಧನ್ಯವಾದ. ಎರಡನೆಯ ಸಲ ಎತ್ತಿದವನು ಮನೆಯ ವೈರಿಂಗ್ ಸರಿ ಇಲ್ಲ ಎಂದ. ಎಲೆಕ್ಟ್ರಿಷಿಯನ್ ಬಂದು, ಮೀಟರು ಹಿಡಿದು ಮೂಲೆಮೂಲೆ ನೋಡಿ, "ವೈರಿಂಗ್ ಬಂಗಾರದಂಗಿದೆ ಅಕ್ಕ. ಬೇಕಾದ್ರೆ ಬರ್ಕೊಡ್ತೀನಿ" ಎಂದ. ಬರೆಸಿಕೊಂಡರು. ಮೂರನೆಯವನು ಸರ್ವಿಸ್ ಸೆಂಟರನ್ನು ಕೇಳಿ ಎಂದ. ಸರ್ವಿಸ್ ಸೆಂಟರಿನವರು ಸಹಾಯವಾಣಿಯನ್ನು ಕೇಳಿ ಎಂದರು. ಪ್ರತಿ ಸಲವೂ ಕೊನೆಗೆ ಅದೇ ಸಂದೇಶ, ಅದೇ ಧನ್ಯವಾದ.

ನಾಲ್ಕನೆಯ ಧನ್ಯವಾದ ಬಂದ ಮಧ್ಯಾಹ್ನ ಮೇಡಂ ಗ್ಯಾರೇಜಿನಲ್ಲಿ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕುಳಿತುಬಿಟ್ಟರು. ಜೀವಮಾನವೆಲ್ಲ ಕಂಡಕಂಡವರ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡ ತಾನು ಈಗ ಬಾಯಿಬಿಟ್ಟು ಹೇಳುತ್ತಿದ್ದರೆ, ಆ ಕಡೆ ಯಾರೂ ಏನೂ ಬರೆದುಕೊಳ್ಳುತ್ತಿಲ್ಲ.

ಯಜಮಾನರು ಬಾಗಿಲಿಗೆ ಬಂದು ನಿಂತರು. "ನಿನ್ನನ್ನ ಚೆಂಡಾಡ್ತಿದಾರೆ ಕಣೆ. ಬಿಟ್ಟಾಕು. ಯಾರಿಗಾದ್ರೂ ಮಾರಿಬಿಡೋಣ."

"ಕೆಟ್ಟಿರೋ ಕಾರನ್ನ ಇನ್ನೊಬ್ಬರ ತಲೆಗೆ ಕಟ್ಟೋದಾ?" ಎಂದು ಮೇಡಂ ಎದ್ದರು. "ಚೆಂಡಾಡ್ಲಿ. ಇವತ್ತಿಂದ ನಾನು ಲೆಕ್ಕ ಇಡ್ತೀನಿ, ಯಾರು ಎಷ್ಟು ಸಲ ಒದ್ದರು ಅಂತ."

ಬೀರುವಿನಿಂದ ಹೊಸ ನೋಟ್‌ಬುಕ್ ತೆಗೆದರು. ಮುಂದಿನ ಐದು ಕರೆಗಳನ್ನು ದಿನಾಂಕ, ಗಂಟೆ, ನಿಮಿಷ ಸಹಿತ ಬರೆದರು. ಹಿಂದಿನ ನಾಲ್ಕನ್ನು ನೆನಪಿನಿಂದ ಬರೆದು, ಪಕ್ಕದಲ್ಲಿ 'ನೆನಪಿನಿಂದ' ಎಂದು ಪ್ರಾಮಾಣಿಕವಾಗಿ ಗುರುತು ಹಾಕಿದರು. ಲೈನಿನಲ್ಲೇ ಕಾಯಿಸಿದಾಗ ಫೋನಿನಲ್ಲಿ ಬಂದ ಸಂಗೀತವನ್ನೂ ಬಿಡಲಿಲ್ಲ: 'ಕೊಳಲು, ಹದಿನಾಲ್ಕು ನಿಮಿಷ.'

ಗುರುವಾರ ಬೆಳಿಗ್ಗೆ ಹತ್ತೊಂಬತ್ತು ಪರ್ಸೆಂಟ್ ಚಾರ್ಜಿನಲ್ಲಿ ಎಸಿ ಕೂಡ ಹಾಕದೆ ಸರ್ವಿಸ್ ಸೆಂಟರಿಗೆ ಹೊರಟರು. ಯಜಮಾನರು ಪಕ್ಕದಲ್ಲಿ ಬೆವರುತ್ತ, ರೇಡಿಯೋ ಹಾಕಲು ಕೈ ಚಾಚಿ, ಹೆಂಡತಿಯ ಮುಖ ನೋಡಿ ಕೈ ಹಿಂದೆಳೆದುಕೊಂಡರು.

ಗಾಜಿನ ಗೋಡೆಯ ಹಾಲಿನಲ್ಲಿ ಏಳೆಂಟು ಜನ ಕಾಯುತ್ತಿದ್ದರು. ಮ್ಯಾನೇಜರು ಕಂಪ್ಯೂಟರ್ ನೋಡಿ ನಕ್ಕ. "ಅಮ್ಮ, ನಿಮ್ಮ ದೂರು ಕ್ಲೋಸ್ ಆಗಿದೆ. ಒಂಬತ್ತು ಸಲ. 'ಗ್ರಾಹಕರಿಗೆ ತೃಪ್ತಿಯಾಗಿದೆ' ಅಂತಾನೇ ಇದೆ."

"ತೃಪ್ತಿ ಆಗಿದೆ ಅಂತ ಯಾರು ಹೇಳಿದ್ದು?"

"ನೀವೇ ಹೇಳಿರ್ತೀರ. ಮರೆತಿರಬೇಕು, ವಯಸ್ಸಾಯ್ತಲ್ಲ."

ಯಜಮಾನರು ಕುಳಿತಲ್ಲೇ ಕಣ್ಣು ಮುಚ್ಚಿಕೊಂಡರು. ಮುಂದಾಗುವುದು ಅವರಿಗೆ ಗೊತ್ತಿತ್ತು.

ಮೇಡಂ ನೋಟ್‌ಬುಕ್ ತೆರೆದು, ಮೂವತ್ತೊಂದು ವರ್ಷ ನ್ಯಾಯಾಧೀಶರ ಎದುರು ಓದಿದ ಅದೇ ಏರಿಳಿತವಿಲ್ಲದ ಸ್ಪಷ್ಟ ದನಿಯಲ್ಲಿ ಓದತೊಡಗಿದರು. "ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಸರ್ವಿಸ್ ಸೆಂಟರ್ ಮ್ಯಾನೇಜರ್. 'ನೋಡಮ್ಮ, ಈ ಸಾಫ್ಟ್‌ವೇರ್ ವಿಚಾರ ನಮಗೇನೂ ಗೊತ್ತಿಲ್ಲ. ಮೇಲಿನವರು ಕಳಿಸ್ತಾರೆ, ನಾವು ಬೈಸ್ಕೊಳ್ತೀವಿ. ಈಗ ಫೋನ್ ಇಡಿ, ಊಟಕ್ಕೆ ಹೋಗ್ಬೇಕು.' ಗ್ರಾಹಕಿ: 'ಹತ್ತೂಮುಕ್ಕಾಲಿಗೆ ಊಟವೇ?' ಕರೆ ಕಡಿಯಿತು."

ಕಾಯುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರಿನ ಕಿವಿ ಕೆಂಪಾಯಿತು. ಮೇಡಂ ಹಾಳೆ ತಿರುವಿ ಮುಂದಿನ ಕರೆ ಓದಿದರು. 'ಹನ್ನೊಂದು ನಿಮಿಷ' ಎಂಬ ಮಾತು ಬಂದಾಗ, ಕೈಯಲ್ಲಿ ಕೀಲಿ ಹಿಡಿದಿದ್ದ ಬೇಕರಿಯವನೊಬ್ಬ ಎದ್ದು ಬಂದ.

"ಮೇಡಂ, ನನ್ನ ಗಾಡೀನೂ ಹನ್ನೊಂದೇ ನಿಮಿಷಕ್ಕೆ ನಿಲ್ಲತ್ತೆ. ನಮ್ಮನೆ ವೈರಿಂಗ್ ಸರಿ ಇಲ್ಲ ಅಂದ್ರು. ಗೋಡೆ ಒಡೆಸಿಬಿಟ್ಟೆ."

ಅವನ ಹಿಂದೆ ಇನ್ನಿಬ್ಬರು ಬಂದರು. ಅದೇ ಕಥೆ. ಮೇಡಂ ಪೆನ್ಸಿಲ್ ತೆಗೆದರು. "ಒಬ್ಬೊಬ್ಬರಾಗಿ ಹೇಳಿ. ಅವಸರ ಬೇಡ. ನೀವು ಹೇಳಿದ್ದನ್ನ ಓದಿ ಹೇಳ್ತೀನಿ, ಸರಿ ಇದ್ರೆ ಮಾತ್ರ ಸಹಿ ಮಾಡಿ."

ಮೂರನೆಯವರ ಹೇಳಿಕೆ ನಡೆಯುತ್ತಿದ್ದಾಗ ಒಳಗಿನ ಬಾಗಿಲು ತೆರೆದು, ನೀಲಿ ಅಂಗಿಯ ಮೆಕ್ಯಾನಿಕ್ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಮ್ಯಾನೇಜರು ಹುಬ್ಬಿನಲ್ಲೇ ಒಳಗೆ ಹೋಗೆಂದ. ಅವಳು ಹೋಗಲಿಲ್ಲ.

"ಅದು ಶಾಖ ಅಳೆಯೋ ಸೆನ್ಸರ್ ಮೇಡಂ," ಎಂದಳು. "ಹೊಸ ಸಾಫ್ಟ್‌ವೇರ್‌ಗೆ ಹಳೇ ಸೆನ್ಸರ್ ಹೇಳೋದು ಅರ್ಥ ಆಗಲ್ಲ. ಬಿಸಿ ಆಗದೇ ಇದ್ರೂ ಬಿಸಿ ಆಗಿದೆ ಅಂದ್ಕೊಂಡು ಚಾರ್ಜ್ ನಿಲ್ಸತ್ತೆ. ಎರಡು ಸಲ ಹೆಡ್ ಆಫೀಸಿಗೆ ಬರೆದೆ. ನನ್ನ ದೂರನ್ನೂ ಕ್ಲೋಸ್ ಮಾಡಿದ್ರು."

"ತೃಪ್ತಿಯಾಗಿದೆ ಅಂತಲಾ?" ಎಂದರು ಮೇಡಂ.

"ಹೂಂ, ತೃಪ್ತಿಯಾಗಿದೆ ಅಂತಾನೇ."

ಈಗ ಹಾಲಿನಲ್ಲಿದ್ದವರೆಲ್ಲ ನಕ್ಕರು. ಮ್ಯಾನೇಜರಿಗೂ ನಗು ತಡೆಯಲಾಗಲಿಲ್ಲ. ಟೈ ಸಡಿಲಿಸಿ ಕುರ್ಚಿಯಲ್ಲಿ ಕುಸಿದು, "ನನ್ನ ಮಾತೂ ಬರ್ಕೊಳ್ಳಿ ಅಮ್ಮ," ಎಂದ. "ದಿನಕ್ಕೆ ಇಷ್ಟು ದೂರು ಮುಚ್ಚಲೇಬೇಕು ಅಂತ ಮೇಲಿಂದ ಆರ್ಡರ್. ರಿಪೇರಿ ಆಯ್ತಾ ಇಲ್ವಾ ಅಂತ ಯಾರೂ ಕೇಳಲ್ಲ. ಆವತ್ತು ನಿಮ್ಮತ್ರ ಹಾಗೆ ಮಾತಾಡಬಾರದಿತ್ತು."

"ಇದನ್ನೂ ಬರೀಲಾ?"

ಅವನು ಟೈ ಪೂರ್ತಿ ಬಿಚ್ಚಿ ಮೇಜಿನ ಮೇಲಿಟ್ಟ. "ಬರೀರಿ."

ಮೇಡಂ ಆ ಸಂಜೆಯೇ ಎಲ್ಲವನ್ನೂ ಟೈಪ್ ಮಾಡಿದರು. ಒಂದು ಕಟುಮಾತಿಲ್ಲ, ಬೆದರಿಕೆಯಿಲ್ಲ. ಯಾರು ಯಾವಾಗ ಏನೆಂದರು ಎಂಬುದಷ್ಟೇ, ಇಪ್ಪತ್ತಾರು ಪುಟ. ಕಂಪನಿಯ ದೊಡ್ಡ ಕಚೇರಿಗೆ ಒಂದು ಪ್ರತಿ, ಗ್ರಾಹಕರ ವೇದಿಕೆಗೆ ಒಂದು ಪ್ರತಿ ಹೋಯಿತು.

ಐದನೆಯ ದಿನ ಹಿರಿಯ ಅಧಿಕಾರಿಯೊಬ್ಬರು ತಾವಾಗಿಯೇ ಫೋನ್ ಮಾಡಿದರು. ಪುಟ ಹದಿನೇಳನ್ನು ಎರಡು ಸಲ ಓದಿದೆ ಎಂದರು. ಅದು ಮೆಕ್ಯಾನಿಕ್ ಹೇಳಿಕೆಯ ಪುಟ. ಮುಂದಿನ ವಾರ ಆ ಮಾದರಿಯ ಎಲ್ಲ ಕಾರುಗಳ ಸೆನ್ಸರ್ ಬದಲಿಸುವ ಸೂಚನೆ ಹೊರಬಿತ್ತು. ಬೇಕರಿಯವನ ಗೋಡೆ ಕಟ್ಟಿಸಿಕೊಡಲೂ ಕಂಪನಿ ಒಪ್ಪಿತು. ಮೇಡಂ ಕಾರಿನ ಕೆಲಸಕ್ಕೆ ಕೈ ಹಾಕಿದ್ದು ಆ ಮೆಕ್ಯಾನಿಕ್ಕೇ. ನಲವತ್ತು ನಿಮಿಷದಲ್ಲಿ ಮುಗಿಸಿದಳು.

ಶನಿವಾರ ಬೆಳಿಗ್ಗೆ ಗಂಡಹೆಂಡಿರು ಊರಾಚೆಯ ರಸ್ತೆ ಹಿಡಿದರು. ಎಲ್ಲಿಗೆಂದು ಗೊತ್ತು ಮಾಡಿಕೊಂಡಿರಲಿಲ್ಲ. ಎರಡೂ ಬದಿಯಲ್ಲಿ ಮರಗಳು ಸರಿಯುತ್ತಿದ್ದವು. ಯಜಮಾನರು ಸೀಟು ಹಿಂದೆ ಮಾಡಿಕೊಂಡು ಕಾಲು ಚಾಚಿದ್ದರು. ಎರಡು ಗಂಟೆ ಕಳೆದ ಮೇಲೆ ಅವರು ಕೇಳಿದರು:

"ಎಷ್ಟು ಪರ್ಸೆಂಟ್ ಉಳಿದಿದೆ?"

"ನೋಡೇ ಇಲ್ಲ ನಾನು," ಎಂದರು ಮೇಡಂ. ಮುಂದೆ ಕೆರೆಯೊಂದು ಕಾಣಿಸಿತು. ಅವರು ಕಾರನ್ನು ಆ ಕಡೆಗೆ ತಿರುಗಿಸಿದರು.