ಮೋಹಿನಿಯ ಕಿವಿಯಲ್ಲಿ ಪ್ರತೀಕ್

ಕಾಪುವಿನಿಂದ ಕಾರ್ಕಳದವರೆಗೆ ಮದುವೆಯಿರಲಿ, ಸನ್ಮಾನವಿರಲಿ, ಕ್ರಿಕೆಟ್ ಪಂದ್ಯಾಟವಿರಲಿ, ಮೈಕ್ ಹಿಡಿಯುವವನು ಇನ್ನಂಜೆಯ ಕೂಸಪ್ಪನೇ. ಅವನ ಸ್ವರಕ್ಕೆ ಮೈಕ್ ಯಾಕೆ ಎಂಬುದು ಮೈಕ್ ಬಾಡಿಗೆಗೆ ಕೊಡುವ ಸೌಂಡ್ಸ್‌ನವರ ಹಳೆಯ ಸಂಶಯ. ಊರೆಲ್ಲ ಕೇಳುವ ಆ ಸ್ವರವನ್ನು ಈಗ ಕೇಳದವಳು ಒಬ್ಬಳೇ: ಹೆಂಡತಿ ಮೋಹಿನಿ.

ಮೊದಲು ಹಾಗಿರಲಿಲ್ಲ. ಬೆಳಿಗ್ಗೆ ಅವಳು ಮಲ್ಲಿಗೆ ಕಟ್ಟುತ್ತ ಕೂತರೆ ಇವನು ಎದುರು ಕೂತು ಹಿಂದಿನ ದಿನದ ಸಭೆಯನ್ನು ಸ್ವಾಗತದಿಂದ ವಂದನಾರ್ಪಣೆಯವರೆಗೆ ಒಪ್ಪಿಸುತ್ತಿದ್ದ. ಈಗ ಬೆರಳಲ್ಲಿ ಬಾಳೆನಾರು, ಕಿವಿಯಲ್ಲಿ ಆಡಿಯೊ ಕಾದಂಬರಿ. ಹೂ ಕಟ್ಟುವ ನೆರೆಯವರಿಗೂ ಅವಳ ಶಿಫಾರಸು: "ಪತ್ತೇದಾರಿ ಬೇಕಾದರೆ ಎಸ್ತರ್ ಓದಿದ್ದು ಕೇಳಿ. ಅವಳು 'ಬಾಗಿಲು ತೆರೆಯಿತು' ಅಂದರೆ ಸಾಕು, ನನಗೆ ಹೆದರಿಕೆ. ಪ್ರೇಮಕತೆಗೆ ಪ್ರತೀಕೇ ಆಗಬೇಕು. ಗಂಡು, ಹೆಣ್ಣು, ಮುದುಕ, ಎಲ್ಲ ಸ್ವರ ಅವನೇ ತೆಗೀತಾನೆ. ಅವನು ಮಳೆ ಅಂತ ಓದಿದರೆ ನಾನು ಬಟ್ಟೆ ತೆಗೀಲಿಕ್ಕೆ ಏಳ್ತೇನೆ!"

ವರ ಎದುರಿಗೆ, ಸ್ವರ ಮೊಬೈಲಿನಲ್ಲಿ. ಕೂಸಪ್ಪನ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು.

"ಯಾರೋ ಬರೆದದ್ದನ್ನು ಓದುವುದು ಅಲ್ವಾ? ಅದೆಂತ ದೊಡ್ಡ ಸಂಗತಿ?"

"ಶ್! ಅವನು ಈಗಷ್ಟೇ ಅವಳ ಕೈ ಹಿಡಿದಿದ್ದಾನೆ."

ಕೈ ಹಿಡಿದ ಗಂಡ ಎದ್ದು ಹೋದ.

ಮರುದಿನ, ತಾನೂ ಓದಿ ತೋರಿಸುತ್ತೇನೆಂದು, ಅವನು ಮಣಿಪಾಲದ ಸ್ಟುಡಿಯೊದಲ್ಲಿದ್ದ. ಪ್ರತೀಕ್‌ನ ಓದನ್ನು ಧ್ವನಿಮುದ್ರಿಸುವ ಸೌಮ್ಯಶ್ರೀ ಒಂದು ಪುಟ ಕೊಟ್ಟಳು. "ಕಿವಿಯ ಹತ್ತಿರ ಹೇಳಿದ ಹಾಗೆ ಓದಿ, ಕೂಸಪ್ಪಣ್ಣ."

"'ನಿನ್ನನ್ನು ಬಿಟ್ಟು ನನಗೆ ಯಾರಿದ್ದಾರೆ' ಎಂದು ಅವನು ಪಿಸುಗುಟ್ಟಿದ" ಎಂದು ಕೂಸಪ್ಪ ಘೋಷಿಸಿದ. ಸೌಮ್ಯಶ್ರೀ ಹೆಡ್‌ಫೋನ್ ಕಿತ್ತಳು. ಮುಂದಿನ ಸಾಲಿನಲ್ಲಿ ನಾಯಕಿಯ ಅಜ್ಜ ತೀರಿಕೊಂಡ. ಅಭ್ಯಾಸಬಲದಿಂದ ಪುಟದಲ್ಲಿಲ್ಲದ ಸಾಲೂ ಬಂತು: "ಮೃತರ ಗೌರವಾರ್ಥ ಸಭಿಕರೆಲ್ಲರೂ ಎದ್ದು ನಿಂತು ಮೌನ ಪ್ರಾರ್ಥನೆ ಸಲ್ಲಿಸಬೇಕಾಗಿ ವಿನಂತಿ." ಗಾಜಿನಾಚೆ ಸೌಮ್ಯಶ್ರೀ ಅರ್ಧ ಎದ್ದೇಬಿಟ್ಟಿದ್ದಳು.

"ನಿಮಗೆ ಪ್ರೇಮ ಆಗುದಿಲ್ಲ" ಎಂದಳು ನಗು ತಡೆದು. "ಆದರೆ ಪ್ರತೀಕ್ ಈಗ ಓದ್ತಿರುವ ಕಾದಂಬರಿಯಲ್ಲಿ ಒಂದು ಸಭೆ ಉಂಟು. ಅಲ್ಲಿ ಮೈಕಿನವನ ನಾಲ್ಕು ಮಾತು ನೀವೇ ಹೇಳಿ."

ಹೇಳಿದ. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಅವಳೇ ಕೇಳಿ ಬೆಚ್ಚಬೇಕು, ಓಡಿ ಬರಬೇಕು.

ಕಾದಂಬರಿ ಬಂದ ದಿನ ಮೋಹಿನಿ ಹೂ ಬಿಟ್ಟು ಓಡಿಯೇ ಬಂದಳು. "ಇಲ್ಲಿ ಕೇಳಿ! ಈ ಪ್ರತೀಕ್ ಎಂತ ಕಿಲಾಡಿ ಮಾರಾಯ್ರೆ! ಥೇಟ್ ನಿಮ್ಮ ಸ್ವರ ತೆಗೆದಿದ್ದಾನೆ!"

"ಅದು ನಾನೇ ಮಾರಾಯ್ತಿ!"

"ಹೊಟ್ಟೆಕಿಚ್ಚಿಗೂ ಒಂದು ಮಿತಿ ಉಂಟು."

ಕೂಸಪ್ಪ ಅಂಗಳಕ್ಕಿಳಿದು, ಗಂಟಲು ಸರಿಮಾಡಿ, ಆ ನಾಲ್ಕು ಮಾತನ್ನೂ ಹೇಳಿ ತೋರಿಸಿದ. ಪಕ್ಕದ ಮನೆಯ ನಾಯಿ ಬೊಗಳಿತು. ಮೋಹಿನಿ ತಲೆ ಓರೆ ಮಾಡಿ ಪೂರ್ತಿ ಕೇಳಿದಳು.

"ಪರವಾಗಿಲ್ಲ. ಆದರೆ ಪ್ರತೀಕ್ ಮಾಡಿದಷ್ಟು ನಿಮ್ಮ ಹಾಗೆ ಇಲ್ಲ."

ಎಂದವಳೇ ಮೊಬೈಲಿನಲ್ಲಿ ಆ ಸಭೆಯ ಭಾಗಕ್ಕೆ ಹಿಂದೆ ಹೋಗಿ, ಕಣ್ಣು ಮುಚ್ಚಿ, ಇನ್ನೊಮ್ಮೆ ಕೇಳತೊಡಗಿದಳು.