ಹತ್ತು ನಿಮಿಷ ಮುಂದಿನ ಗಡಿಯಾರ

ರಾಬರ್ಟ್‌ಸನ್‌ಪೇಟೆಯ ರಕ್ತ ಪರೀಕ್ಷಾ ಕೇಂದ್ರದಲ್ಲಿ, ಮೈಯಿಂದ ತೆಗೆಯುವುದಕ್ಕೆ ನಾಲ್ಕು ನಿಮಿಷ ಮೊದಲೇ ರಕ್ತದ ಪರೀಕ್ಷೆ ಮುಗಿದುಹೋಗಿತ್ತು. ಕಂಪ್ಯೂಟರ್ ಹಾಗೆ ಹೇಳುತ್ತಿತ್ತು. ರಕ್ತ ತೆಗೆದದ್ದು ಹತ್ತೂ ಇಪ್ಪತ್ತೆರಡಕ್ಕೆ, ಫಲಿತಾಂಶ ಬಂದದ್ದು ಹತ್ತೂ ಹದಿನೆಂಟಕ್ಕೆ. ಒಂದೇ ವಾರದಲ್ಲಿ ಇಂಥ ಮೂವತ್ತೊಂದು ರಿಪೋರ್ಟು. ಲ್ಯಾಬಿನ ಸುಮಿತಾ ಪರೀಕ್ಷೆ ಮಾಡದೆ ಕೂತಲ್ಲೇ ಅಂಕಿ ತುಂಬುತ್ತಾಳೆಂದು ಬೆಂಗಳೂರಿನ ಹೆಡ್ ಆಫೀಸು ತೀರ್ಮಾನಿಸಿತು. ಇಂದು ಸಂಜೆ ಐದರೊಳಗೆ ಸರಿಯಾದ ಕಾರಣ ಕೊಡದಿದ್ದರೆ ನಾಳೆಯಿಂದ ಅವಳು ಬರುವುದು ಬೇಡ ಎಂದು ಪತ್ರ ಬಂತು.

ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಚಲಪತಿಗೆ ಪತ್ರ ಓದಿದ ಕೂಡಲೇ ತಪ್ಪು ತನ್ನದೇ ಅನ್ನಿಸಿತು. ಕರೆಂಟು ಹೋದರೂ ಅವನಿಗೆ ಹಾಗೇ ಅನ್ನಿಸುತ್ತದೆ. ಆಂಡರ್ಸನ್‌ಪೇಟೆಯ ಸಂಜೆ ಕಂಪ್ಯೂಟರ್ ಕ್ಲಾಸಿನಲ್ಲಿ ಬರೆದುಕೊಂಡ ನೋಟ್ಸನ್ನು ಇವತ್ತಿಗೂ ಚೀಲದಲ್ಲಿ ಹೊತ್ತು ತಿರುಗುವವನು ಅವನು.

"ಚಲಪತಣ್ಣ, ನಾನಂತೂ ಸುಳ್ಳು ಬರ್ದಿಲ್ಲ," ಎಂದಳು ಸುಮಿತಾ. "ಮಿಷನ್ನಿಗೆ ಆಕಿದ್ದೀನಿ, ಬಂದಿದ್ದು ಬಂದೈತೆ."

"ಗೊತ್ತಮ್ಮ. ನಾನೇ ಏನೋ ಮಾಡಿರ್ತೀನಿ."

ಹಿಂದಿನ ಕೋಣೆಯಲ್ಲಿ ಮೂರು ಸರ್ವರ್‌ಗಳು ಒಂದು ಗುಂಪಾಗಿ ಕೆಲಸ ಮಾಡುತ್ತಿದ್ದವು. ಒಂದು ಮಲಗಿದರೆ ಉಳಿದೆರಡು ನಡೆಸಿಕೊಂಡು ಹೋಗುತ್ತವೆ. ಆದರೆ ಮೂರರ ಗಡಿಯಾರವೂ ಒಂದೇ ಹೊತ್ತು ತೋರಿಸಬೇಕು. ಚಲಪತಿ ಮೂರಕ್ಕೂ ಒಟ್ಟಿಗೆ ಸಮಯ ಕೇಳಿದ. ಎರಡು ಒಂದೇ ಉತ್ತರ ಕೊಟ್ಟವು. ಹೋದ ವಾರ ರಿಪೇರಿಯಾಗಿ ಬಂದ ಮೂರನೆಯದು ಹತ್ತು ನಿಮಿಷ ಮುಂದಿತ್ತು. ರಕ್ತ ತೆಗೆದ ಹೊತ್ತು ಬರೆಯುತ್ತಿದ್ದದ್ದು ಅದೇ. ಲ್ಯಾಬಿನ ಫಲಿತಾಂಶ ಮೊದಲನೆಯದಕ್ಕೆ ಹೋಗುತ್ತಿತ್ತು.

ಅವನು ಮೂರನೆಯದರ ಗಡಿಯಾರ ಸರಿಮಾಡಿದ. ಕಾಲು ಗಂಟೆಯಲ್ಲಿ ಅದು ಮತ್ತೆ ಹತ್ತು ನಿಮಿಷ ಮುಂದೆ ಹೋಗಿ ನಿಂತಿತು. ಒಳಗಿನ ಬ್ಯಾಟರಿ ಹೋಗಿರಬೇಕೆಂದು ಬಜಾರಿಗೆ ಓಡಿ ಹೊಸದು ತಂದು ಹಾಕಿದ. ಮತ್ತೆ ಹತ್ತೇ ನಿಮಿಷ. ಒಂಬತ್ತಲ್ಲ, ಹನ್ನೊಂದಲ್ಲ. ಕೆಟ್ಟ ಗಡಿಯಾರಕ್ಕೆ ಇಷ್ಟು ಶಿಸ್ತು ಇರುವುದಿಲ್ಲ ಎಂದು ಅವನಿಗೆ ಹೊಳೆದಾಗ ಗಂಟೆ ಮೂರು ದಾಟಿತ್ತು.

ಹಾಗಾದರೆ ಇದು ಯಾರನ್ನು ಕೇಳಿ ಸಮಯ ತಿಳಿದುಕೊಳ್ಳುತ್ತಿದೆ? ಹುಡುಕಿದರೆ ಸಿಕ್ಕಿದ್ದು ಅವನೇ ಎರಡು ವರ್ಷದ ಹಿಂದೆ ಬರೆದಿಟ್ಟ ಸಾಲು: ಇಂಟರ್ನೆಟ್ಟಿನಲ್ಲಿ ಹೊರಗಿನ ಸಮಯ ಸಿಗದಿದ್ದರೆ ಮುಂಬಾಗಿಲ ಕಂಪ್ಯೂಟರನ್ನು ಕೇಳು. ರಿಪೇರಿಯ ನಂತರ ಮೂರನೆಯದಕ್ಕೆ ಹೊರಗಿನ ದಾರಿ ತೆರೆಯುವುದನ್ನು ಅವನು ಮರೆತಿದ್ದ. ಮೂರನೆಯದು ವಿಧೇಯತೆಯಿಂದ ಮುಂಬಾಗಿಲನ್ನು ಕೇಳುತ್ತಿತ್ತು.

ಮುಂಬಾಗಿಲಲ್ಲಿ ಆ ಕಂಪ್ಯೂಟರಿಗೆ ಜೋಡಿಸಿದ, ಟೋಕನ್ ನಂಬರು ತೋರಿಸುವ ಟಿವಿ, ಅದರ ಮೂಲೆಯಲ್ಲಿ ದೊಡ್ಡದಾಗಿ ಗಂಟೆ. ಅದನ್ನೇ ನೋಡುತ್ತ ನಿಂತ ಅವನನ್ನು ನೆಲ ಒರೆಸುತ್ತಿದ್ದ ಮುನಿಶಾಮಮ್ಮ ಕೇಳಿದಳು: "ಏನ್ಲಾ ಅಂಗ್ ನೋಡ್ತೀಯ, ದೆವ್ವ ಬಡ್ದೋನಂಗೆ?"

"ಇದು ಹತ್ತು ನಿಮಿಷ ಮುಂದಿದೆ, ಅಕ್ಕ."

"ಇನ್ನೇನು ಹಿಂದಿರ್ತದಾ? ಬಂಗಾರಪೇಟೆ ರೈಲು ತಪ್ಪಬಾರ್ದು ಅಂತ ಕೋದಂಡಪ್ಪನೋರು ಇಡ್ಸಿರೋದು. ನಮ್ಮನೇದೂ ಮುಂದೇ ಐತೆ. ನಿನ್ ಕೈನಾಗಿರೋದು ನೋಡ್ಕೊಳ್ಳಲಾ."

ಅವನ ಕೈಗಡಿಯಾರವೂ ಹತ್ತು ನಿಮಿಷ ಮುಂದಿತ್ತು. ಆಗ ನೆನಪಾಯಿತು. ಈ ಕಂಪ್ಯೂಟರ್ ತಾನಾಗಿ ಸಮಯ ಸರಿಮಾಡಿಕೊಳ್ಳುತ್ತದೆಂದು ಮ್ಯಾನೇಜರ್ ಕೋದಂಡಪ್ಪ ಬೇಜಾರು ಮಾಡಿಕೊಂಡಾಗ, ಆ ಚಾಳಿ ಬಿಡಿಸಿಕೊಟ್ಟವನೂ ಚಲಪತಿಯೇ.

ನಾಲ್ಕೂವರೆಗೆ ಎಲ್ಲ ಸರಿಹೋಯಿತು. ಮೂರೂ ಸರ್ವರ್, ಟಿವಿ, ಕೊನೆಗೆ ಕೈಗಡಿಯಾರ. ಅಳುಕುತ್ತಲೇ ಕೋದಂಡಪ್ಪನವರ ಮುಂದೆ ನಿಂತು ಒಂದೂ ಬಿಡದೆ ಒಪ್ಪಿಸಿದ.

ಕೋದಂಡಪ್ಪ ಪೆನ್ನಿನ ಮುಚ್ಚಳ ತೆಗೆದರು. "ಅಂದ್ರೆ ನನ್ನಿಂದ ಆಗಿದ್ದು ಅಂತೀಯ?"

"ನನ್ನಿಂದಾನೂ ಸಾರ್."

"ಯಾರಿಂದಾನೂ ಬೇಡ ಬಿಡಯ್ಯ," ಎಂದು ಅವರು ಹೆಡ್ ಆಫೀಸಿಗೆ ಬರೆದರು: ತಾಂತ್ರಿಕ ದೋಷ, ಸುಮಿತಾ ಅವರದೇನೂ ತಪ್ಪಿಲ್ಲ, ದೋಷವನ್ನು ಆಡಳಿತವು ತಕ್ಷಣ ಪತ್ತೆಹಚ್ಚಿದೆ. ಐದಕ್ಕೆ ಇನ್ನೂ ಎರಡು ನಿಮಿಷವಿರುವಾಗ ಉತ್ತರ ಬಂತು. ಸುಮಿತಾ ಕೆಲಸದಲ್ಲಿ ಮುಂದುವರಿಯಬಹುದು. ಅವಳು ಕಣ್ಣೊರೆಸಿಕೊಂಡು ಎಲ್ಲರಿಗೂ ಟೀ ತರಿಸಿದಳು.

ಚಲಪತಿ ಅಷ್ಟಕ್ಕೇ ಬಿಡುವವನಲ್ಲ. ಟಿವಿಯ ಕೆಳಗೆ ಚೀಟಿ ಅಂಟಿಸಿದ: 'ಈ ಗಡಿಯಾರ ಈಗ ಸರಿಯಾಗಿದೆ.' ಎಲ್ಲರೂ ಓದಿದರು, ತಲೆಯಾಡಿಸಿದರು.

ಐದೂ ಐವತ್ತರ ಬಂಗಾರಪೇಟೆ ರೈಲಿಗೆ ಅವರು ಮೂವರೂ ದಿನವೂ ಹೊರಡುತ್ತಿದ್ದದ್ದು ಟಿವಿಯಲ್ಲಿ ಐದೂ ಮುಕ್ಕಾಲಾದಾಗ. ಅಂದೂ ಐದೂ ಮುಕ್ಕಾಲಾಯಿತು. ಕೋದಂಡಪ್ಪ ಛತ್ರಿ ತೆಗೆದುಕೊಂಡರು, ಸುಮಿತಾ ಡಬ್ಬಿ ಚೀಲ ಹಾಕಿಕೊಂಡಳು, ಎಂದಿನ ಲೆಕ್ಕದಲ್ಲಿ ಇನ್ನೂ ಕಾಲು ಗಂಟೆ ಇದೆಯೆಂದು ಚಲಪತಿ ನಿಧಾನವಾಗಿ ಬೀಗ ಹಾಕಿದ. ಮೂವರೂ ಒಂದೇ ಆಟೋದಲ್ಲಿ ಊರ್ಗಾಂ ಸ್ಟೇಷನ್ನಿಗೆ ಬಂದಿಳಿದಾಗ ರೈಲಿನ ಬಾಲ ಮಾತ್ರ ಕಾಣಿಸುತ್ತಿತ್ತು.

"ಇಪ್ಪತ್ತೆರಡು ವರ್ಷದಾಗೆ ಒಂದಿನ ತಪ್ಪಿಸ್ಕೊಂಡೋನಲ್ಲ," ಎಂದರು ಕೋದಂಡಪ್ಪ. "ಚೀಟಿ ಬೇರೆ ಅಂಟ್ಸಿದ್ದೆಯಲ್ಲಯ್ಯ. ನೀನಾದ್ರೂ ಓದ್ಬಾರ್ದಾಗಿತ್ತಾ?"

"ಬರೆದಿದ್ದು ನಾನೇ ಅಲ್ವಾ ಸಾರ್, ಅದಕ್ಕೆ ಓದ್ಲಿಲ್ಲ."

ಸುಮಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೆಳಗಿನಿಂದ ನಕ್ಕಿದ್ದೇ ಅವಳು ಅದೊಂದು ಸಲ.

"ನಾಳೆ ಮೊದ್ಲಿನಂಗೇ ಇಟ್ಬಿಡು," ಎಂದರು ಕೋದಂಡಪ್ಪ.

"ಟಿವಿಗೆ ಮಾತ್ರ ಇಡಣ್ಣ," ಎಂದಳು ಸುಮಿತಾ. "ನನ್ ರಕ್ತಕ್ಕೆ ಬೇಡ."

"ಮುಂದಿನ ರೈಲಿಗೆ ಎಷ್ಟೊತ್ತೈತೆ ನೋಡಯ್ಯ," ಎಂದರು ಕೋದಂಡಪ್ಪ ಬೆಂಚಿನ ಮೇಲೆ ಕೂರುತ್ತ. ಚಲಪತಿ ಕೈಗಡಿಯಾರ ನೋಡಿದ, ಹತ್ತು ಕಳೆದ, ಮಧ್ಯಾಹ್ನ ಅದನ್ನೂ ಸರಿಮಾಡಿದ್ದು ನೆನಪಾಗಿ ಹತ್ತು ಕೂಡಿದ, ಆಮೇಲೆ ಯಾವುದಕ್ಕೂ ಇರಲಿ ಎಂದು ಟಿಕೆಟ್ ಕೌಂಟರಿನವನನ್ನು ಕೇಳಲು ಎದ್ದುಹೋದ.