ಬರಿಗೈಯ ಪಾಠ

ಇಪ್ಪತ್ತೆರಡು ವರ್ಷ ನರ್ಸಿಂಗ್ ವಿದ್ಯಾರ್ಥಿಗಳಿಗೆ ಹಾಸಿಗೆಹುಣ್ಣು, ಇಂಜೆಕ್ಷನ್ನು, ಬ್ಯಾಂಡೇಜುಗಳ ಪಾಠ ಮಾಡಿದ್ದ ಮೇಡಂಗೆ ಆ ವರ್ಷ ಹೊಸದೊಂದು ಗಂಟುಬಿತ್ತು: ಹವಾಮಾನ ಬದಲಾವಣೆ ಮತ್ತು ಶುಶ್ರೂಷೆ. ತನಗೇ ಯಾಕೆ ಎಂದು ಕೇಳಿದರೆ ಪ್ರಾಂಶುಪಾಲರು, "ಖಾಲಿ ಕ್ಲಾಸಲ್ಲಿ ಫ್ಯಾನ್ ಆರಿಸೋರು ಈ ಕಾಲೇಜಲ್ಲಿ ನೀವೊಬ್ರೇ ಅಲ್ವಾ?" ಎಂದುಬಿಟ್ಟರು.

ಮೇಡಂ ಶ್ರದ್ಧೆಯಿಂದಲೇ ತಯಾರಾದರು. ಪರದೆಯ ಮೇಲೆ ಹಿಮ ಕರಗಿತು, ಸಮುದ್ರ ಉಕ್ಕಿತು. ಮೂರನೇ ಬೆಂಚಿನಿಂದ ಸಣ್ಣಗೆ ಗೊರಕೆ ಕೇಳಿಸಿತು. ತರಗತಿಯ ಮಾತಿನಮಲ್ಲಿ ಎದ್ದು ನಿಂತು ಗಂಭೀರವಾಗಿ ಕೇಳಿದಳು: "ಮೇಡಂ, ಹಿಮಕರಡಿಗೆ ಡ್ರಿಪ್ ಹಾಕ್ಬೇಕಾದ್ರೆ ನರ ಎಲ್ಲಿ ಹುಡುಕೋದು?"

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಮೇಡಂ ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋದರು.

ಅವರ ಅಮ್ಮನೂ ಒಂದು ಕಾಲದಲ್ಲಿ ನರ್ಸಾಗಿದ್ದವರು. ಮಗಳ ಗೋಳು ಕೇಳಿ ಮರುಗುವ ಬದಲು, "ನೀನು ಆಕಾಶ ತೋರಿಸಿದ್ರೆ ಅವರು ಆಕಳಿಸ್ದೆ ಇನ್ನೇನು ಮಾಡ್ತಾರೆ? ಕಾಲ್ಕೆಳಗೆ ಏನಿದೆ ತೋರ್ಸೇ," ಎಂದರು.

ಮರುದಿನ ಮೇಡಂ ಹುಡುಗಿಯರನ್ನು ಕಾಲೇಜಿನ ಆಸ್ಪತ್ರೆಯ ಗಂಡಸರ ವಾರ್ಡಿಗೆ ಕರೆದೊಯ್ದರು. ಬಿಸಾಡಿದ ಗ್ಲೌಸ್ ಎಣಿಸಲು ಕಸದ ಬುಟ್ಟಿಗೆ ಯಾರೂ ಕೈ ಹಾಕುವಂತಿರಲಿಲ್ಲ. ತಮ್ಮ ಎಂದಿನ ವಾರ್ಡಿನ ಕೆಲಸ ಮಾಡುತ್ತಲೇ, ಒಂದು ಪಾಳಿಯಲ್ಲಿ ಯಾರು, ಯಾವ ಕೆಲಸಕ್ಕೆ ಗ್ಲೌಸ್ ತೊಟ್ಟರು ಎಂದು ಬರೆದುಕೊಳ್ಳಬೇಕು, ಅಷ್ಟೆ. ಒಮ್ಮೆ ತೊಟ್ಟು ಎಸೆಯುವ ಈ ರಬ್ಬರಿನ ಕೈಗಳನ್ನು ತಯಾರಿಸಲು, ಸಾಗಿಸಲು, ಕೊನೆಗೆ ಸುಡಲು ಎಷ್ಟು ಹೊಗೆ ಏಳುತ್ತದೆ ಎಂಬುದನ್ನು ಆಮೇಲೆ ವಿವರಿಸುವುದು ಅವರ ಯೋಚನೆ. ತಪ್ಪೆಲ್ಲ ವಾರ್ಡ್ ಸಿಸ್ಟರದ್ದೇ ಇರುತ್ತದೆ ಎಂಬ ಗುಮಾನಿಯೂ ಒಳಗೊಳಗೇ ಇತ್ತು. ಇಬ್ಬರಿಗೂ ಮೊದಲಿನಿಂದ ಎಣ್ಣೆ-ಸೀಗೆಕಾಯಿ.

ಮಧ್ಯಾಹ್ನ ಮಾತಿನಮಲ್ಲಿ ಪಟ್ಟಿ ಓದಿದಳು. "ಮೂವತ್ತು ರೋಗಿಗಳು. ಇನ್ನೂರ ತೊಂಬತ್ತು ಜೊತೆ ಗ್ಲೌಸು. ಗಾಯ, ರಕ್ತ, ಮಲಮೂತ್ರದ ಕೆಲಸಕ್ಕೆ ತೊಂಬತ್ತು. ಮಿಕ್ಕಿದ್ದೆಲ್ಲ ನಾವೇ ಹಾಕ್ಕೊಂಡಿದ್ದು, ಜ್ವರ ನೋಡೋಕೆ, ದಿಂಬು ಸರಿಮಾಡೋಕೆ, ನೀರು ಕೊಡೋಕೆ. ಒಂದು ಜೊತೆ ಕಿಟಕಿ ತೆಗೆಯೋಕೆ."

"ಕಿಟಕಿಗೇನು ಕಾಯಿಲೆಯಂತೆ?" ಎಂದರು ಸಿಸ್ಟರ್. "ಇದನ್ನೆಲ್ಲ ನಿಮಗೆ ಕಲಿಸಿದ್ದು ಯಾರು?"

ಹದಿನೆಂಟು ಜೊತೆ ಕಣ್ಣುಗಳು ಮೆಲ್ಲಗೆ ಮೇಡಂ ಕಡೆ ತಿರುಗಿದವು.

ಮಾತಿನಮಲ್ಲಿ ತಲೆ ತಗ್ಗಿಸಿ ಹೇಳಿದಳು: "ಮೊದಲ್ನೇ ವರ್ಷದ ನೋಟ್ಸಲ್ಲಿದೆ ಮೇಡಂ. 'ಅನುಮಾನ ಬಂದರೆ ಗ್ಲೌಸ್ ಹಾಕಿ. ಬರದಿದ್ದರೂ ಹಾಕಿ.' ನೀವೇ ಕೆಳಗೆ ಗೆರೆ ಎಳೆಸಿದ್ರಿ."

ಸಿಸ್ಟರಿಗೆ ಸ್ವರ್ಗಕ್ಕೆ ಮೂರೇ ಗೇಣು. "ಮಾಡಿದ್ದುಣ್ಣೋ ಮಹರಾಯ," ಎಂದು ಔಷಧದ ಟ್ರೇಗೆ ಹೇಳಿದರು.

ಮೇಡಂ ಕಿವಿಯವರೆಗೂ ಕೆಂಪಾದರು. ಕೋಪ ಮಾಡಿಕೊಳ್ಳೋಣವೆಂದರೆ ಬಂದದ್ದು ನಗು. "ಸರಿ, ಪೆನ್ ತೆಗೀರಿ. ಆ ಸಾಲು ಹೊಡೆದು ಹಾಕಿ. ರಕ್ತ, ಗಾಯ, ಮೈಯಿಂದ ಬರೋ ದ್ರವ, ಅಂಟೋ ಕಾಯಿಲೆ ಇದ್ರೆ ಗ್ಲೌಸ್, ಅದರಲ್ಲಿ ರಾಜಿ ಇಲ್ಲ. ಮಿಕ್ಕಿದ್ದಕ್ಕೆಲ್ಲ ಕೈ ತೊಳೆದ್ರೆ ಸಾಕು," ಎಂದು ತಾವೇ ನಲ್ಲಿಯ ಬಳಿ ನಡೆದರು.

ಮಾತಿನಮಲ್ಲಿ ಕೈ ತೊಳೆದು, ಒರೆಸಿಕೊಂಡು, ಏಳನೇ ಹಾಸಿಗೆಯ ಅಜ್ಜನ ನಾಡಿ ಹಿಡಿದಳು. ಅಜ್ಜ ಕಣ್ಣು ಬಿಟ್ಟರು.

"ಇದೇನಮ್ಮ, ಕೈ ಬೆಚ್ಚಗಿದೆ?"

"ಕೈ ಬೆಚ್ಚಗೇ ಇರುತ್ತಲ್ಲ ಅಜ್ಜ!"

"ಒಂಬತ್ತು ದಿನದಿಂದ ಬಲೂನು ಮುಟ್ಟಿದ ಹಾಗಿತ್ತು ನೋಡು. ನಿಮ್ಮೂರಲ್ಲಿ ಹುಡುಗೀರ ಕೈ ಹೀಗೇ ಇರುತ್ತೇನೋ ಅಂದ್ಕೊಂಡಿದ್ದೆ."

ನಾಡಿ ಎಣಿಸಿದ ಮೇಲೂ ಅವಳು ಕೈ ಬಿಡಲಿಲ್ಲ. ಮೇಡಂ ಅದನ್ನು ಕಂಡರು, ಛೇಡಿಸಲಿಲ್ಲ.

ಮುಂದಿನ ತಿಂಗಳು ಆ ವಾರ್ಡಿನಲ್ಲಿ ಗ್ಲೌಸಿನ ಬಳಕೆ ಅರ್ಧಕ್ಕಿಳಿಯಿತು. ಉಗ್ರಾಣದವನು ಮಾತ್ರ ಸಿಸ್ಟರ್ ಹತ್ತಿರ ಓಡಿಬಂದ: "ಸಿಸ್ಟರ್, ಈ ಮಕ್ಕಳು ಸೋಪು ತಿಂತಿದ್ದಾರಾ?"

"ನನ್ನನ್ಯಾಕೆ ಕೇಳ್ತೀಯಪ್ಪ?" ಎಂದರು ಸಿಸ್ಟರ್. "ಹೋಗಿ ಅವರ ಮೇಡಂನ ಕೇಳು. ತಪ್ಪನ್ನ ಒಪ್ಪಿಕೊಳ್ಳೋ ಮೇಷ್ಟ್ರು ಈ ಊರಲ್ಲಿ ಅವರೊಬ್ಬರೇ."